ಎತ್ತಿದ ಕೈ ಇಳಿಯುವವರೆಗೆ

ಬೆಳಕು ಹರಿಯುವ ಹೊತ್ತು. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಬ್ಯಾಂಡ್‌ಸೆಟ್‌ನವರು ಅರ್ಧವೃತ್ತವಾಗಿ ನಿಂತಿದ್ದಾರೆ. ಟ್ರಂಪೆಟ್ ಹಿಡಿದ ಚಿಕ್ಕರಾಜು ರಾತ್ರಿಪಾಳಿಯ ಸೆಕ್ಯುರಿಟಿ ಯೂನಿಫಾರಂನಲ್ಲೇ ಬಂದಿದ್ದಾನೆ. ಜುಂಜಪ್ಪನ ಹೊಟ್ಟೆಯ ಮೇಲೆ ದೊಡ್ಡ ಡ್ರಮ್ಮು. ಎದುರಿಗೆ, ಸ್ಕೂಟರಿನ ಸೀಟಿನ ಮೇಲೆ ಸ್ವರದ ಹಾಳೆ ಹರಡಿ, ಗಾಳಿಗೆ ಹಾರದಂತೆ ಕಲ್ಲು ಇಟ್ಟು ಕೈ ಬೀಸುತ್ತಿರುವವಳು ಸ್ನೇಹಲತಾ.

ನುಡಿಯುತ್ತಿರುವುದು ಮದುವೆಯ ಹಾಡಲ್ಲ, ಸಿನಿಮಾದ್ದೂ ಅಲ್ಲ, ಅವಳೇ ಕಟ್ಟಿದ್ದು. ಕುರಿ ಹೊಡೆದುಕೊಂಡು ಬಂದ ಪುಟ್ಟಕ್ಕ ನಿಂತು ಕೇಳಿ, "ಇದೆಂಥ ಹಾಡು ತಾಯಿ, ಶುರುವಾಗಿದ್ದೂ ತಿಳಿಯಕಿಲ್ಲ, ಮುಗಿದಿದ್ದೂ ತಿಳಿಯಕಿಲ್ಲ" ಎನ್ನುತ್ತಾಳೆ. ಸ್ನೇಹಲತಾ ನಗುತ್ತಾಳೆ. ಹೋದ ವರ್ಷ ಇದನ್ನು ಕೇಳಿದ ಬೆಂಗಳೂರಿನ ಪತ್ರಿಕೆಯವರೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದರು, ಇಷ್ಟು ನೇರವಾಗಿ ಅಲ್ಲ ಅಷ್ಟೇ.

ಅರ್ಧವೃತ್ತದ ನಡುವೆ ನಿಂತಿರುವ ಅವಳ ಅಪ್ಪ ರಾಮಾಂಜನೇಯ ಕ್ಲಾರಿನೆಟ್‌ನಲ್ಲಿ ಎತ್ತಿದ ಕೈ. ಶಿರಾ ಸೀಮೆಯ ಮೆರವಣಿಗೆಗಳಲ್ಲಿ ಅವರ ಹಿಂದೆ ನಡೆದೇ ಮಗಳ ಕಿವಿ ಪಳಗಿತು. ವಿದ್ಯಾರ್ಥಿವೇತನ ಸಿಕ್ಕಿ ಬೆಂಗಳೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತಳು. ಒಂದೊಂದು ವಾದ್ಯ ಒಂದೊಂದು ದಾರಿ ಹಿಡಿದು ಕೊನೆಗೆ ಒಂದೇ ಊರು ಸೇರುವುದನ್ನು ಬರೆಯಲು ಕಲಿತಳು. ಅಷ್ಟರಲ್ಲಿ ಇಲ್ಲಿನ ಮದುವೆಗಳಿಗೆ ಡಿಜೆ ಬಂತು. ಬ್ಯಾಂಡಿಗೆ ಕರೆ ನಿಂತಿತು. ಅಪ್ಪ ಮಧುಗಿರಿ ಕಡೆಯ ಜಲ್ಲಿ ಕ್ರಷರಿಗೆ ಹೋದರು, ಧೂಳು ಅವರ ಎದೆ ಸೇರಿತು.

ಹೋದ ವರ್ಷ ಬೆಂಗಳೂರಿನಲ್ಲಿ ಹೊಸ ಸಂಗೀತ ಸಂಯೋಜಕರ ಕಛೇರಿ ಇತ್ತು. ಸ್ನೇಹಲತಾ ಹಟ ಹಿಡಿದು ಊರಿನ ಬ್ಯಾಂಡನ್ನೇ ಕರೆದುಕೊಂಡು ಹೋದಳು. ನಾದ ಏರಬೇಕಾದ ಕಡೆ ಕಲಿತಂತೆ ಎಡಗೈ ಎತ್ತಿದಳು. ಅಷ್ಟೂ ಜನ ಗಕ್ಕನೆ ನಿಲ್ಲಿಸಿಬಿಟ್ಟರು.

"ಓದಿದ್ದು ನಾನು, ಮರೆತಿದ್ದೂ ನಾನೇ" ಎನ್ನುತ್ತಾಳೆ. "ಮೆರವಣಿಗೇಲಿ ಮುಂದಿರೋರು ಕೈ ಎತ್ತಿದ್ರೆ ಮುಂದಿನ ಮನೇಲಿ ಸಾವಾಗಿದೆ ಅಂತ. ಕೈ ಇಳಿಯೋವರ್ಗೂ ಯಾರೂ ಊದಂಗಿಲ್ಲ. ಅಭ್ಯಾಸದಲ್ಲಿ ಕಣ್ಣಲ್ಲೇ ಹೇಳ್ತಿದ್ದೆ, ಅವತ್ತು ವೇದಿಕೆ ಅಂತ ಕೈ ಎತ್ತಿದೆ."

ಸಭಿಕರು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು. ಉಳಿದರ್ಧ ನುಡಿಸಲು ಸಮಯವಿಲ್ಲವೆಂದರು ಸಂಘಟಕರು. ಆಮೇಲೆ ಯಾರೂ ಕರೆಯಲಿಲ್ಲ.

ಈಗ ತುಮಕೂರಿನಿಂದ ಕರೆ ಬಂದಿದೆ, ಮುಂದಿನ ತಿಂಗಳು ಕಛೇರಿ. ಆದರೆ ಕೃತಿ ನಿಂತಿರುವುದೇ ಅಪ್ಪನ ಕ್ಲಾರಿನೆಟ್ ಮೇಲೆ, ಮತ್ತು ಅಪ್ಪನಿಗೆ ಉಸಿರು ಸಾಲುತ್ತಿಲ್ಲ. ಊದುವುದನ್ನೇ ಬಿಡಿ ಎಂದಿದ್ದಾರೆ ವೈದ್ಯರು. ಪಾವಗಡದಿಂದ ಬೇರೊಬ್ಬ ವಾದಕನನ್ನು ಕರೆಸೋಣ ಎಂದು ಚಿಕ್ಕರಾಜುವೇ ಸೂಚಿಸಿದ. ರಾಮಾಂಜನೇಯ ಎರಡು ದಿನ ಮಗಳ ಜೊತೆ ಮಾತು ಬಿಟ್ಟರು. "ಕ್ರಷರ್ ಕೆಲಸ ಮಾಡ್ಬೇಡ ಅಂತ ಯಾವ ಡಾಕ್ಟ್ರೂ ಹೇಳ್ಲಿಲ್ಲ, ಇದನ್ನ ಬುಡು ಅಂತಾರೆ" ಎಂಬುದು ಅವರ ಸಿಟ್ಟು.

ಸ್ನೇಹಲತಾ ಕೃತಿಯನ್ನೇ ತಿದ್ದಿದಳು. ಈಗ ಕೈ ಎತ್ತುವವರು ಅಪ್ಪ. ಉಸಿರು ಮುಗಿದಲ್ಲಿ ಅವರು ಕೈ ಎತ್ತುತ್ತಾರೆ, ಎಲ್ಲರೂ ನಿಲ್ಲಿಸುತ್ತಾರೆ. ಇಳಿಸಿದರೆ ಮುಂದುವರಿಯುತ್ತಾರೆ. ಎಷ್ಟು ಹೊತ್ತು ನಿಲ್ಲಬೇಕೆಂದು ಹಾಳೆಯಲ್ಲಿ ಬರೆದಿಲ್ಲ. ಊದಬೇಡಿ ಎನ್ನುವ ಧೈರ್ಯ ತನಗಿಲ್ಲ, ಊದಿಸುತ್ತಿರುವ ಪಾಪ ತನ್ನದೇ ಎಂದು ಒಪ್ಪಿಕೊಳ್ಳುತ್ತಾಳೆ.

ಇವತ್ತು ಅಪ್ಪನ ಕೈ ಬೇಗನೆ ಮೇಲೇಳುತ್ತದೆ. ಬ್ಯಾಂಡು ನಿಲ್ಲುತ್ತದೆ. ಅವರು ಬಾಗಿ ಕೆಮ್ಮುತ್ತಾರೆ, ಕೈ ಮಾತ್ರ ಮೇಲೇ ಇದೆ. ಜುಂಜಪ್ಪ ಕೋಲು ಎತ್ತಿದವನು ಎತ್ತಿದಂತೆಯೇ ಇದ್ದಾನೆ. ಹೋದ ವಾರ ಅಪ್ಪನಿಗೆ ಇಷ್ಟು ಹೊತ್ತು ಹಿಡಿದಿರಲಿಲ್ಲ. ಸ್ನೇಹಲತಾ ಹಾಳೆ ಬಿಟ್ಟು ಒಂದು ಹೆಜ್ಜೆ ಮುಂದಿಡುತ್ತಾಳೆ. ಕೊನೆಗೆ ಕೈ ಇಳಿಯುತ್ತದೆ, ಕ್ಲಾರಿನೆಟ್ ಬಿಟ್ಟಲ್ಲಿಂದಲೇ ಹಿಡಿಯುತ್ತದೆ.

ಆಮೇಲೆ ಸ್ಕೂಟರಿಗೆ ಒರಗಿ ಕೂತ ರಾಮಾಂಜನೇಯ ಮಗಳಿಗೆ ಹೇಳುತ್ತಾರೆ: "ತುಮಕೂರಲ್ಲಿ ನನ್ ಕೈ ಇಳೀಲಿಲ್ಲ ಅಂದ್ರೆ ನೀನೇ ಬಂದು ಇಳ್ಸು ಕಣಮ್ಮ. ಇಲ್ದಿದ್ರೆ ಇವ್ರು ಅಂಗೇ ನಿಂತಿರ್ತಾರೆ. ಹೋದ್ಸಲದಂಗೆ ಅರ್ಧಕ್ಕೆ ನಿಲ್ಬಾರ್ದು."

ಸ್ನೇಹಲತಾ ಹಾಳೆಗಳನ್ನು ಜೋಡಿಸುತ್ತಾ ತಲೆಯಾಡಿಸುತ್ತಾಳೆ. "ಆಗ್ಲಿ ಬುಡಪ್ಪ, ಇಳ್ಸ್ತೀನಿ" ಎನ್ನುತ್ತಾಳೆ.