ನೀರೊಲೆಯ ಪಕ್ಕದ ಚಾಪೆ

"ನಮಸ್ಕಾರಮ್ಮ, ಮಕ್ಕಳ ಸರ್ವೆಯಿಂದ ಬಂದಿದ್ದೀವಿ."

ಹಿಂದೆ ಒಂದು ದಂಡೇ ನಿಂತಿರುವ ಗತ್ತಿನಲ್ಲಿ ಇದನ್ನು ಮನೆಮನೆಯಲ್ಲೂ ಹೇಳುತ್ತಿದ್ದೆ. ನಿಂತಿರುತ್ತಿದ್ದದ್ದು ನಾನು, ನನ್ನ ಚೀಲ. ನನ್ನನ್ನು ಯಾರಾದರೂ ಅಣಕಿಸಬೇಕೆಂದರೆ ಈ ಒಂದು ಸಾಲು ಸಾಕು.

ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಬಂದ ಮಕ್ಕಳ ಮನೆ ಹುಡುಕಿ, ಒಲೆ ಯಾವುದು, ಕಿಟಕಿ ಎಷ್ಟು, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಅಂತ ಬರೆದುಕೊಂಡು, ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸುವುದು ನನ್ನ ಕೆಲಸ. ಆಫೀಸಿನ ನಕ್ಷೆಯಲ್ಲಿ ಒಂದು ಮನೆಗೆ ಒಂದು ಕೆಂಪು ಚುಕ್ಕೆ. ಅಳುವ ಮಗುವಿನ ಉಸಿರು ಲೆಕ್ಕಕ್ಕೆ ಸಿಗಲ್ಲ. ಅಲ್ಲಿ ನನ್ನ ಮಿಮಿಕ್ರಿ ಕೆಲಸಕ್ಕೆ ಬರುತ್ತಿತ್ತು. ಸ್ಟಾರ್ಟ್ ಆಗದ ಆಟೋ ಸದ್ದು ಮಾಡಿ ಥಟ್ಟನೆ ನಿಲ್ಲಿಸಿದರೆ ಮಗು ಮುಂದಿನ ಸದ್ದಿಗೆ ಕಾಯುತ್ತಾ ಸುಮ್ಮನಾಗುತ್ತಿತ್ತು. ಅಷ್ಟರಲ್ಲಿ ಎಣಿಸಿಬಿಡುತ್ತಿದ್ದೆ. ಸಂಜೆ ನಜರ್‌ಬಾದಿನ ಬಾಡಿಗೆ ರೂಮಿನಲ್ಲಿ ಅದೇ ಆಟೋ ಓಡಿಸಿದರೆ ಕೇಳೋಕೆ ಒಂದು ಹಲ್ಲಿ.

ಒಂದು ದಿನ ಸರ್ವೆ ನೋಡಿಕೊಳ್ಳುವ ಮೇಡಂ ನನ್ನನ್ನು ಆ ನಕ್ಷೆ ಮುಂದೆ ನಿಲ್ಲಿಸಿದರು. "ಅಗ್ರಹಾರದ ಈ ಗಲ್ಲೀಲಿ ಮಾತ್ರ ಚುಕ್ಕೆ ಯಾಕ್ರೀ ಗುಂಪಾಗಿವೆ? ನೀವು ಎಲ್ಲಾ ಮನೇಲೂ ಗ್ಯಾಸ್ ಅಂತ ಬರ್ಕೊಂಡ್ ಬಂದಿದೀರಾ. ಒಲೆ ನೋಡಿದ್ರಾ, ಬರೀ ಕೇಳಿದ್ರಾ?"

"ಕೇಳ್ದೆ ಮೇಡಂ."

"ಹೋಗಿ, ನೋಡ್ಕೊಂಡ್ ಬನ್ನಿ."

ಮೆಟ್ಟಿಲಿಳಿಯುತ್ತಾ ಅವರ ದನಿ ತೆಗೆದು ನೋಡಿದೆ. ಚೆನ್ನಾಗೇ ಬಂತು. ನಗೋರು ಯಾರೂ ಇರಲಿಲ್ಲ.

ಆ ಗಲ್ಲಿಯ ವಠಾರವೊಂದರಲ್ಲಿ ಒಬ್ಬ ಅಜ್ಜಿ, ಎರಡು ವರ್ಷದ ಮೊಮ್ಮಗಳು. ಮಗುವಿನ ತಾಯಿ ಬೆಳಗಾಗುತ್ತಲೇ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡೋಳು. ಮಗು ಆಗಲೇ ಎರಡು ಸಲ ಆಸ್ಪತ್ರೆ ಸೇರಿತ್ತು. ಮೂರನೇ ಸಲ ಬಂದರೆ ಆ ಎದೆ ತಡೆಯೋದು ಕಷ್ಟ ಅಂದಿದ್ದರಂತೆ ಡಾಕ್ಟ್ರು. ಹಿಂದೆ ನಾನು ಹೋಗಿದ್ದದ್ದು ಮಧ್ಯಾಹ್ನ. ಈ ಸಲ ಮಾಗಿ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೇ ಹೋದೆ. ಮನೆ ಹಿಂದಿನ ಓಣಿಯ ತುಂಬ ಹೊಗೆ. ದೊಡ್ಡ ಹಂಡೆ, ಕೆಳಗೆ ತೆಂಗಿನ ಗರಿ, ಹಳೇ ರಟ್ಟು.

"ಏನಜ್ಜಿ, ಗ್ಯಾಸ್ ಅಂದ್ರಲ್ಲಾ!"

"ಅಡುಗೆಗೆ ಗ್ಯಾಸೇ ಕಣಪ್ಪ. ನೀನ್ ಕೇಳಿದ್ದು ಅಡುಗೆ ಒಲೆ. ಇದು ಸ್ನಾನದ ನೀರಿಗೆ. ವಠಾರಕ್ಕೆಲ್ಲ ಇದೊಂದೇ ಹಂಡೆ."

ಫಾರಂನಲ್ಲಿ ನೀರೊಲೆಗೆ ಜಾಗವೇ ಇರಲಿಲ್ಲ. ಹಿಂದಿನ ಸಲ ಜೋಕು ಹೊಡೆದು ಎರಡೇ ನಿಮಿಷಕ್ಕೆ ಎದ್ದುಹೋಗಿದ್ದ ಜಾಣ ಮಾತ್ರ ನಾನೇ. ಆಮೇಲೆ ನೋಡಿದೆ: ಒಲೆಗೆ ಅಂಟಿದ ಬಾಗಿಲ ಒಳಗೇ ಚಾಪೆ, ಅದರ ಮೇಲೆ ಮಗು.

"ಇಲ್ಲಿ ಯಾಕಜ್ಜಿ ಮಲಗ್ಸಿದೀರಾ?"

"ಕಫದ ಮಗು ಕಣಪ್ಪ. ಬೆಚ್ಚಗಿರ್ಲಿ ಅಂತ."

ನಮ್ಮೂರು ಇಲವಾಲದಲ್ಲಿ ನಮ್ಮವ್ವನೂ ನನ್ನನ್ನು ನೀರೊಲೆ ಪಕ್ಕವೇ ಮಲಗಿಸುತ್ತಿದ್ದಳು. ತಪ್ಪು ಅಂತ ಅಜ್ಜಿಗೆ ಹೇಳೋಕೆ ಹೋದರೆ ಅವ್ವನಿಗೇ ಹೇಳಿದ ಹಾಗಾಗಿ ನಾಲಿಗೆ ಏಳಲಿಲ್ಲ. ಈ ಹೊಗೆಯೇ ಮಗುವಿನ ಎದೆಗೆ ಕೆಡುಕು ಅಂತ ಮೇಡಂ ದನಿಯಲ್ಲಿ ಹೇಳಿದೆ. ಕನ್ನಡಕ ಏರಿಸಿಕೊಂಡು ಡಾಕ್ಟ್ರ ದನಿಯಲ್ಲಿ ಹೇಳಿದೆ. ಅಜ್ಜಿ ಬಿದ್ದುಬಿದ್ದು ನಕ್ಕರು.

"ಸೊಗಸಾಗ್ ಮಾಡ್ತೀಯ ಬುಡು!"

ಚಾಪೆ ಮಾತ್ರ ಅಲ್ಲೇ ಇತ್ತು. ಕೊನೆಗೆ, "ಅಜ್ಜಿ, ನಮ್ಮವ್ವನೂ ನನ್ನ ಹಿಂಗೇ ಮಲಗಿಸ್ತಿದ್ಲು. ನಂಗೂ ಎರಡು ಸಲ ಇದೇ ಕಾಯಿಲೆ ಬಂತು. ಬೆಚ್ಚಗೇನೋ ಇತ್ತು, ಉಸಿರಾಡೋಕಾಗ್ತಿರ್ಲಿಲ್ಲ" ಅಂದೆ. ಯಾರ ದನಿಯೂ ಅಲ್ಲ ಅದು, ಸ್ವಲ್ಪ ಒಡಕು ಬೇರೆ.

ಅಜ್ಜಿ ನಗು ನಿಲ್ಲಿಸಿದರು. "ಈಗ ಎಲ್ಲವ್ಳೆ ನಿಮ್ಮವ್ವ?"

"ಇಲ್ಲ ಅಜ್ಜಿ. ಹೋಗಿ ಮೂರು ವರ್ಷ ಆಯ್ತು."

ಅವರು ಬಗ್ಗಿ ಚಾಪೆಯ ಒಂದು ತುದಿ ಹಿಡಿದರು. ನಾನು ಇನ್ನೊಂದು ಹಿಡಿದೆ. ನಿದ್ದೆಯಲ್ಲಿದ್ದ ಮಗುವನ್ನು ಹಾಗೇ ಬೀದಿ ಕಡೆಯ ಕೋಣೆಗೆ ಎಳೆದುಕೊಂಡು ಹೋದೆವು.

ಮುಂದಿನ ವಾರ ಹೋದಾಗ ಚಾಪೆ ಬೀದಿ ಕಡೆಯ ಕೋಣೆಯಲ್ಲೇ ಇತ್ತು, ನಡುವಿನ ಬಾಗಿಲು ಮುಚ್ಚಿತ್ತು. ಮಗು ಎರಡು ಕಂಬಳಿಯೊಳಗೆ ಮಲಗಿತ್ತು. ಆಟೋ ಬೇಕಾಗಲಿಲ್ಲ. ಕಂಬಳಿ ಸರಿಸಿ ಎಣಿಸಿದೆ: ಮೂವತ್ತು. ಸರಿಯಾಗಿತ್ತು. ಅಜ್ಜಿ ಹಿಂದೆ ಒಲೆ ಹತ್ತಿರ ಇದ್ದರು. ನಿಮಿಷ ಮುಗಿದ ಮೇಲೂ ಎಣಿಸುತ್ತಲೇ ಕೂತಿದ್ದೆ. ರೂಮಿಗೆ ಹೋದರೆ ಎಣಿಸೋಕೆ ನನ್ನದೊಂದೇ ಉಸಿರು.