ಗದ್ದವಿಲ್ಲದ ನಾಯಕಿ

ಹ್ಯಾಲಿಫ್ಯಾಕ್ಸ್‌ನಲ್ಲಿ ಶಾಲಾ ಬಸ್ಸು ಓಡಿಸುವ ಡೆನೀಸ್, ಅನಿಮೆ ಎಂಬ ಜಪಾನಿ ಕಾರ್ಟೂನುಗಳ ದೃಶ್ಯಗಳನ್ನು ಹಾಡಿಗೆ ಹೊಂದಿಸಿ ವಿಡಿಯೊ ಕಟ್ಟುವುದರಲ್ಲಿ ಪಳಗಿದ ಕೈ. ಅಭಿಮಾನಿಗಳ ಮೇಳದ ಸ್ಪರ್ಧೆಗೆಂದು ತಂಗಿಯ ಮಗಳು ಬ್ರಿನ್ ಮಾಡಿದ್ದನ್ನು ನೋಡಿದ್ದೇ ತಡ, ಕೆಂಡವಾದಳು.

"ನಾಯಕಿ ಗದ್ದ ಎಲ್ಲೇ?"

"ಕೆಳಗೆ ಸಬ್‌ಟೈಟಲ್ ಇತ್ತು ದೊಡ್ಡಮ್ಮ. ಇದ್ರೆ ಸ್ಪರ್ಧೆಗೆ ತಗೊಳಲ್ಲ. ಅದಕ್ಕೇ ಚಿತ್ರ ಹಿಗ್ಗಿಸಿ ಅದನ್ನ ಚೌಕಟ್ಟಿನಿಂದ ಹೊರಗೆ ತಳ್ಳಿದೆ. ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ! ಅಕ್ಷರ ಮರೆಸೋಕೆ ಹೋಗಿ ಅಳೋ ಹುಡುಗಿ ಬಾಯೇ ಕತ್ತರಿಸಿದೀಯ. ಅವಳೇನು ಹಣೇಲಿ ಅಳ್ತಾಳಾ? ಅಕ್ಷರ ಇಲ್ಲದ ಡಿಸ್ಕ್ ನನ್ನ ಕಪಾಟಲ್ಲೇ ಇದೆ. ಕೇಳೋಕೆ ನಿಂಗೇನು ರೋಗ?"

ಬ್ರಿನ್ ಗೊಣಗುತ್ತಲೇ ಆ ಡಿಸ್ಕಿನಿಂದ ದೃಶ್ಯವನ್ನು ಮತ್ತೆ ಜೋಡಿಸಿದಳು. ಹುಡುಗಿಯ ತುಟಿ ಹಾಡಿನ ಜೊತೆಗೇ ನಡುಗಿತು. ಬ್ರಿನ್ ಆ ತುಣುಕನ್ನು ಮತ್ತೊಮ್ಮೆ ಓಡಿಸಿ ನೋಡಿದಳು.

ಡೆನೀಸಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇದನ್ನ ಕತ್ತರಿಸಿ ಎಸೆದಿದ್ದೆಯಲ್ಲೇ, ಪಾಪಿ!"