ಸೆಕ್ರೆಟರಿ ಬರೆಸಿದ ಎಚ್ಚರಿಕೆ

ಎರಡು ಸಾವಿರದ ದಶಕದ ನಡುವಿನ ಮಾತು. ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಕಾಲೇಜಿನ ಸೆಕ್ರೆಟರಿಗೆ ಮೇಲ್ ತೆರೆಯಲೂ ಬರುತ್ತಿರಲಿಲ್ಲ. ಟೈಪಿಸ್ಟ್ ಪ್ರಿಂಟ್ ತೆಗೆದು ಕೈಗೆ ಕೊಡಬೇಕಿತ್ತು. ಇಂಥ ಮಹಾನುಭಾವರು ಒಂದು ದಿನ, ಹೊರಗಿನಿಂದ ಬರುವುದನ್ನು ಸೋಸುವ ಫೈರ್‌ವಾಲ್ ಹೇಗಿರಬೇಕೆಂದು ನನಗೆ ಪಾಠ ಹೇಳಲು ಕೂತರು.

ಯಾರಿಗೋ ಮೇಲ್‌ನಲ್ಲಿ ಕೊಳಕು ಫೋಟೊ ಬಂದಿತ್ತಂತೆ. ಹೊರಗಿನಿಂದ ಬರುವ ಚಿತ್ರಗಳನ್ನೆಲ್ಲ ತಡೆಯಬೇಕೆಂದು ಅಪ್ಪಣೆಯಾಯಿತು. ತಡೆದೆ. ತಡೆದಾಗ ಕಳಿಸಿದವರಿಗೆ ತಾನಾಗಿ ಒಂದು ಸೂಚನೆ ಹೋಗುತ್ತದೆ. ನಿಮ್ಮ ಚಿತ್ರವನ್ನು ತಡೆಹಿಡಿಯಲಾಗಿದೆ, ಬೇಕಿದ್ದರೆ ನಮ್ಮನ್ನು ಸಂಪರ್ಕಿಸಿ ಅಂತ ಸಭ್ಯವಾಗಿ ಬರೆದಿದ್ದೆ. ಅದನ್ನು ಓದಿ ಸೆಕ್ರೆಟರಿ ಮುಖ ಸಿಂಡರಿಸಿದರು.

"ಇಂಗ್ ಮೆತ್ತಗೆ ಬರದ್ರೆ ಯಾವನ್ಲಾ ಎದರ್ತಾನೆ? ನಾನು ನೋಟಿಸ್ ಬೋರ್ಡ್‌ಗೆ ಆಕ್ತೀನಲ್ಲ, ಅಂಗಿರಬೇಕು ಕಣ."

ಅವರ ನೋಟಿಸ್ ಬೋರ್ಡ್ ಸಾಹಿತ್ಯ ಗೊತ್ತಿಲ್ಲದವರಿರಲಿಲ್ಲ. ಸೈಕಲ್ ಅಡ್ಡ ನಿಲ್ಲಿಸಿದರೂ ಕಠಿಣ ಕ್ರಮ, ಕ್ಯಾಂಟೀನಿನಲ್ಲಿ ಲೋಟ ಬಿಟ್ಟು ಎದ್ದರೂ ಕಠಿಣ ಕ್ರಮ. ಇಲ್ಲೂ ಅದನ್ನೇ ಬರೆಸಿದರು: ನೀವು ಅಶ್ಲೀಲ ಚಿತ್ರ ಕಳಿಸಿದ್ದೀರಿ, ಮರುಕಳಿಸಿದರೆ ಪೊಲೀಸರಿಗೆ ಒಪ್ಪಿಸಲಾಗುವುದು. ಕೆಳಗೆ ತಮ್ಮ ಹೆಸರು, ಪದವಿ. ಎಲ್ಲ ಚಿತ್ರವೂ ಅಶ್ಲೀಲ ಅಲ್ಲ ಸಾ, ಅಂದೆ. ಸಂಬಳ ಕೊಡೋದು ಯಾರು, ಅಂದರು. ಥೂ, ಆ ಬುದ್ಧಿಗಿಷ್ಟು ಬೆಂಕಿ ಹಾಕ.

ನಮ್ಮ ಲೈಬ್ರರಿ ಮೇಡಂ ಹೊಳೆನರಸೀಪುರದವರು, ಅರ್ಚಕರ ಮಗಳು. ಬಂದ ಗಂಡುಗಳೆಲ್ಲ ಏನಾದರೊಂದು ಕೊಂಕು ತೆಗೆದು ಹೋಗಿ, ಕೊನೆಗೆ ಚನ್ನರಾಯಪಟ್ಟಣದ ಒಬ್ಬ ಮೇಷ್ಟ್ರು ನೋಡಿ ಒಪ್ಪಿದ್ದರು. ಇವರಿಗೂ ಮನಸ್ಸಾಗಿತ್ತು. ಜಾತಕ ತಾಳೆ ನೋಡಿಸುವುದೊಂದೇ ಬಾಕಿ. ಗಂಡಿನ ತಂದೆ ಮಗನ ಜಾತಕವನ್ನು ಸೈಬರ್ ಸೆಂಟರಿನಲ್ಲಿ ಚಿತ್ರವಾಗಿ ಸ್ಕ್ಯಾನ್ ಮಾಡಿಸಿ ಮೇಡಂ ಅವರ ಕಾಲೇಜಿನ ವಿಳಾಸಕ್ಕೆ ಕಳಿಸಿದರು. ಉತ್ತರವಾಗಿ ಅವರಿಗೆ ಸಿಕ್ಕಿದ್ದು ಪೊಲೀಸ್ ಬೆದರಿಕೆ. ಮಗನ ಜಾತಕ ಅಶ್ಲೀಲವಂತೆ! ನಮ್ಮನ್ನು ಪೋಲಿಗಳು ಅಂದ ಕಡೆಯ ಸಂಬಂಧವೇ ಬೇಡ ಎಂದು ಅವರು ಅರ್ಚಕರಿಗೆ ಫೋನ್ ಮಾಡಿ ಹೇಳಿಬಿಟ್ಟರು.

ಮೇಡಂ ನನ್ನನ್ನು ಕರೆದುಕೊಂಡು ಸೆಕ್ರೆಟರಿ ರೂಮಿಗೆ ಹೋದರು. ಅವರು ಕೇಳಿದ್ದು ಇಷ್ಟೇ: ಆ ಹಿರಿಯರಿಗೆ ಒಂದು ಫೋನ್ ಮಾಡಿ, ಎಲ್ಲರಿಗೂ ಹೋಗುವ ನೋಟಿಸು ಅದು ಅಂತ ಹೇಳಿ. ನಾನ್ಯಾಕೆ ಫೋನ್ ಮಾಡಲಿ, ಮಿಷನ್ ಮಾಡಿದ ತಪ್ಪು ಎಂದು ಸೆಕ್ರೆಟರಿ ನನ್ನ ಕಡೆ ಕೈ ತೋರಿಸಿದರು. ಮೇಡಂ ತಾವೇ ನಂಬರ್ ಒತ್ತಿ ರಿಸೀವರನ್ನು ಅವರ ಕೈಗಿಟ್ಟರು. ಆ ಕಡೆಯ ಗದರಿಕೆ ನನಗೂ ಕೇಳಿಸಿತು. ಸೆಕ್ರೆಟರಿ "ರಾಂಗ್ ನಂಬರ್" ಎಂದು ರಿಸೀವರ್ ಕುಕ್ಕಿದರು. ಊರಿಗೆಲ್ಲ ಕಠಿಣ ಕ್ರಮ ಬರೆಯುವ ಗಂಡಸು!

ನಮ್ಮ ಕಡೆ ಮದುವೆ ಮಾತೆಲ್ಲ ಹಿರಿಯರದು. ಹುಡುಗಿಯೇ ಗಂಡಿನ ಮನೆಗೆ ಫೋನ್ ಮಾಡಿದರೆ ಆಡಿಕೊಳ್ಳುತ್ತಾರೆ. ಆದರೂ ಮೇಡಂ ಮತ್ತೆ ನಂಬರ್ ಒತ್ತಿದರು.

"ನಾನು ಹುಡುಗಿ ಮಾತಾಡ್ತಿದೀನಿ. ಆ ನೋಟಿಸು ಎಲ್ಲರಿಗೂ ಹೋಗೋದು. ಅದನ್ನ ಬರೆಸಿದೋರು ಇಲ್ಲೇ ಕೂತಿದಾರೆ, ಒಪ್ಕೊಳ್ಳೋ ಧೈರ್ಯ ಇಲ್ಲ ಅವರಿಗೆ. ನಿಮ್ಮ ಮಗ ನಂಗೆ ಒಪ್ಪಿಗೆ."

ಆ ಕಡೆಯಿಂದ ಹಿರಿಯರು ಏನೋ ಕೇಳಿದರು.

"ಬೇಡ, ಮೇಲ್ ಮಾಡ್ಬೇಡಿ," ಎಂದರು ಮೇಡಂ. "ಜಾತಕ ನಾನೇ ಬಂದು ಇಸ್ಕೋತೀನಿ."